ಪಾದ್ರಿ ಬರುವ ಮೊದಲೇ ಸಭೆ ಇತ್ತು: ಅಮೆರಿಕಕ್ಕೆ ಹೋದ ಲೂಥರನರ ಮೊದಲ ಇನ್ನೂರು ವರ್ಷ

1742ರ ನವೆಂಬರ್ 25. ಹೆನ್ರಿ ಮೆಲ್ಕಿಯೋರ್ ಮ್ಯೂಲೆನ್‌ಬರ್ಗ್ ಎಂಬ 31 ವರ್ಷದ ಜರ್ಮನ್ ಪಾದ್ರಿ ಫಿಲಡೆಲ್ಫಿಯಾದಲ್ಲಿ ಹಡಗಿನಿಂದ ಇಳಿದರು. ಅವರ ಹತ್ತಿರ ನೇಮಕದ ಪತ್ರ ಇತ್ತು. ಪೆನ್ಸಿಲ್ವೇನಿಯಾದ ಮೂರು ಲೂಥರನ್ ಸಭೆಗಳಿಗೆ, ಅಂದರೆ ಮಾರ್ಟಿನ್ ಲೂಥರ್ ದಾರಿ ಹಿಡಿದ ಪ್ರಾಟೆಸ್ಟಂಟ್ ಕ್ರೈಸ್ತರ ಮೂರು ಗುಂಪುಗಳಿಗೆ, ಇನ್ನು ಮುಂದೆ ಇವರೇ ಪಾದ್ರಿ ಅಂತ ಅದರಲ್ಲಿ ಬರೆದಿತ್ತು. ಆದರೆ ಇವರು ಬರುವ ಸುದ್ದಿಯೇ ಅಲ್ಲಿನ ಜನಕ್ಕೆ ಗೊತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಪೇಚು ಮುಂದೆ ಕಾದಿತ್ತು. ಫಿಲಡೆಲ್ಫಿಯಾದಲ್ಲಿ ಆಗಲೇ ಇಬ್ಬರು ಅವರ ಜಾಗದಲ್ಲಿ ಕೂತಿದ್ದರು. ಒಬ್ಬರು ವ್ಯಾಲೆಂಟಿನ್ ಕ್ರಾಫ್ಟ್, ಜರ್ಮನಿಯಲ್ಲಿ ಕೆಲಸದಿಂದ ತೆಗೆದು ಹಾಕಿಸಿಕೊಂಡು ಬಂದ ಮುದುಕ ಪಾದ್ರಿ. ಇನ್ನೊಬ್ಬರು ಕೌಂಟ್ ಜಿನ್ಸೆಂಡಾರ್ಫ್, ಮೊರೇವಿಯನ್ ಎಂಬ ಇನ್ನೊಂದು ಪ್ರಾಟೆಸ್ಟಂಟ್ ಪಂಥದ ನಾಯಕ, ಭಾರೀ ಶ್ರೀಮಂತ ಮನೆತನದವರು. ತಾನೇ ಲೂಥರನ್ ಪಾದ್ರಿ ಎಂದು ಅವರೂ ಹೇಳುತ್ತಿದ್ದರು. ಹಳ್ಳಿ ಕಡೆ ಹೋಗಿ ನೋಡಿದರೆ, ನ್ಯೂ ಹ್ಯಾನೋವರ್ ಎಂಬ ಊರಿನಲ್ಲಿ ವೈದ್ಯ ಎಂದು ಹೇಳಿಕೊಂಡು ಓಡಾಡುತ್ತಿದ್ದ ಒಬ್ಬಾತ ಪ್ರಸಂಗ, ಅಂದರೆ ಚರ್ಚಿನ ಉಪದೇಶ, ಮಾಡುತ್ತಿದ್ದ. ಸಭೆಯ ದಾಖಲೆ ಪುಸ್ತಕ ಯಾರ ಕೈಯಲ್ಲಿರಬೇಕು, ಪ್ರಭುಭೋಜನದ (ಕ್ರಿಸ್ತನ ನೆನಪಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಆಚರಣೆಯ) ಬಟ್ಟಲು ಯಾರದು ಎಂಬುದಕ್ಕೆಲ್ಲ ಜಗಳ ನಡೆಯಿತು.

ಇದು ಯಾರೋ ನಾಲ್ಕು ಜನರ ಜಗಳ ಅನ್ನಿಸಬಹುದು. ಆದರೆ ಅಮೆರಿಕದ ಲೂಥರನರ ಇಡೀ ಆರಂಭದ ಇತಿಹಾಸ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ: ಪಾದ್ರಿ ಯಾರು ಅಂತ ತೀರ್ಮಾನ ಮಾಡುವವರು ಯಾರು? ಅಮೆರಿಕದಲ್ಲಿ ಇವತ್ತಿಗೂ ಲೂಥರನ್ ಎಂಬ ಒಂದೇ ಹೆಸರಿನ ಕೆಳಗೆ ಇಷ್ಟೊಂದು ಬೇರೆ ಬೇರೆ ಸಂಸ್ಥೆಗಳು ಏಕಿವೆ ಎಂದು ಕೇಳಿದರೂ ಉತ್ತರ ಹುಡುಕಬೇಕಾದದ್ದು ಇಲ್ಲೇ.

ಇವರು ಬಿಟ್ಟುಬಂದ ಯುರೋಪಿನ ಊರಲ್ಲಿ ಹೇಗಿತ್ತು ಅನ್ನೋದನ್ನ ಮೊದಲು ನೋಡೋಣ. ಮಾರ್ಟಿನ್ ಲೂಥರ್ 1517ರಲ್ಲಿ ವಿಟೆನ್‌ಬರ್ಗ್‌ನಲ್ಲಿ ತಮ್ಮ 95 ವಾದಗಳನ್ನು ಮುಂದಿಟ್ಟರು. ರೋಮಿನ ಪೋಪ್ ಜೊತೆ ಸಂಬಂಧ ಮುರಿಯಿತು. ಪೋಪ್ ಇಲ್ಲದ ಮೇಲೆ ಚರ್ಚನ್ನು ನೋಡಿಕೊಳ್ಳುವವರು ಯಾರು? ಆ ಜಾಗಕ್ಕೆ ಅಲ್ಲಲ್ಲಿನ ರಾಜರು ಬಂದರು. 1555ರ ಆಗ್ಸ್‌ಬರ್ಗ್ ಒಪ್ಪಂದ ಇದನ್ನು ಕಾನೂನೇ ಮಾಡಿತು. ರಾಜ ಯಾವ ಪಂಥದವನೋ ಪ್ರಜೆಗಳೂ ಅದೇ ಪಂಥ. ಹಾಗಾಗಿ ಜರ್ಮನಿಯ ಲೂಥರನ್ ಸೀಮೆಗಳಲ್ಲಿ, ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳಲ್ಲಿ ಚರ್ಚ್ ಅಂದರೆ ಒಂದು ರೀತಿ ಸರ್ಕಾರಿ ಇಲಾಖೆ. ಪಾದ್ರಿಯ ನೇಮಕ ಮೇಲಿನಿಂದ, ಸಂಬಳವೂ ಮೇಲಿನಿಂದ. ರೈತನಾದವನು ತೆರಿಗೆ ಕಟ್ಟಬೇಕು, ಭಾನುವಾರ ಬಂದು ಕೂರಬೇಕು. ಪಾದ್ರಿಯನ್ನು ಆರಿಸುವ, ಚರ್ಚಿನ ಲೆಕ್ಕ ಕೇಳುವ ಪ್ರಶ್ನೆಯೇ ಅವನಿಗೆ ಬಂದಿರಲಿಲ್ಲ.

ಆದರೆ ಲೂಥರ್ ಒಂದು ಕೆಲಸ ಮಾಡಿಟ್ಟಿದ್ದರು. 1529ರಲ್ಲಿ ಒಂದು ಚಿಕ್ಕ ಪ್ರಶ್ನೋತ್ತರ ಪುಸ್ತಕ ಬರೆದರು. ಹತ್ತು ಆಜ್ಞೆಗಳು, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಪ್ರಭುಭೋಜನ. ಒಂದೊಂದಕ್ಕೂ 'ಇದರ ಅರ್ಥವೇನು?' ಎಂಬ ಪ್ರಶ್ನೆ, ಕೆಳಗೆ ನಾಲ್ಕಾರು ಸಾಲಿನ ಉತ್ತರ. ಇದನ್ನು ಮನೆಯ ಯಜಮಾನ ತನ್ನ ಮಕ್ಕಳಿಗೆ, ಆಳುಗಳಿಗೆ ಹೇಳಿಕೊಡಬೇಕು ಎಂದು ಪುಸ್ತಕದಲ್ಲೇ ಬರೆದಿದ್ದರು. ಪಾದ್ರಿ ಇಲ್ಲದಿದ್ದರೂ ನಡೆಯುವ ಪುಸ್ತಕ ಅದು. ಮುಂದಿನ ಕತೆಯಲ್ಲಿ ಈ ಪುಸ್ತಕ ಮತ್ತೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಅಮೆರಿಕದಲ್ಲಿ ಮೊದಲು ಬೇರೂರಿದ ಲೂಥರನರು ಜರ್ಮನರಲ್ಲ, ಸ್ವೀಡನ್ನಿನವರು. 1638ರಲ್ಲಿ ಸ್ವೀಡನ್ ಡೆಲವೇರ್ ನದಿಯ ದಡದಲ್ಲಿ ಒಂದು ವಸಾಹತು ಹೂಡಿತು. ಈಗಿನ ವಿಲ್ಮಿಂಗ್ಟನ್ ಇರುವ ಜಾಗದಲ್ಲಿ ಕ್ರಿಸ್ಟಿನಾ ಎಂಬ ಕೋಟೆ ಕಟ್ಟಿದರು. ಮೊದಲ ಪಾದ್ರಿ ರಿಯೋರಸ್ ಟಾರ್ಕಿಲ್ಲಸ್ 1643ರಲ್ಲಿ ಅಲ್ಲೇ ತೀರಿಕೊಂಡರು. ಅದೇ ವರ್ಷ ಬಂದ ಯೋಹಾನ್ ಕ್ಯಾಂಪೇನಿಯಸ್ ಅಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರ ಮಾತು ಕಲಿತರು. ಲೂಥರನ ಪ್ರಶ್ನೋತ್ತರವನ್ನು ಆ ಭಾಷೆಗೆ ತಂದರು. ಅದು ಅಚ್ಚಾಗಿದ್ದು ಮಾತ್ರ 1696ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ.

ಸ್ವೀಡನ್ನಿನ ವಸಾಹತು ಜಾಸ್ತಿ ದಿನ ಬಾಳಲಿಲ್ಲ. 1655ರಲ್ಲಿ ಡಚ್ಚರು ಹಿಡಿದರು, 1664ರಲ್ಲಿ ಇಂಗ್ಲಿಷರು. ರಾಜ ಹೋದ, ಬಾವುಟ ಹೋಯಿತು. ಜನ ಉಳಿದರು. ಇದ್ದ ಪಾದ್ರಿಗಳು ವಯಸ್ಸಾಗಿ ಒಬ್ಬೊಬ್ಬರಾಗಿ ಹೋದರು. ಕೊನೆಗೆ ಉಳಿದಿದ್ದ ಯಾಕೋಬ್ ಫ್ಯಾಬ್ರಿಷಿಯಸ್ ಅವರಿಗೆ ಕಣ್ಣು ಹೋಗಿತ್ತು. ಕಣ್ಣು ಕಾಣದಿದ್ದರೂ ವರ್ಷಗಟ್ಟಲೆ ಸಭೆ ನಡೆಸಿದರು.

1693ರಲ್ಲಿ ಆ ಜನ ಸ್ವೀಡನ್ನಿಗೆ ಒಂದು ಕಾಗದ ಬರೆದರು. ಬರೆದವರು ಚಾರ್ಲ್ಸ್ ಸ್ಪ್ರಿಂಗರ್, ಪಾದ್ರಿ ಇಲ್ಲದ ಭಾನುವಾರಗಳಲ್ಲಿ ಸಭೆಗೆ ಓದಿ ಹೇಳುತ್ತಿದ್ದವರು. ನಮಗೆ ಇಬ್ಬರು ಪಾದ್ರಿಗಳು ಬೇಕು ಅಂತ ಕೇಳಿದರು. ಜೊತೆಗೆ ಒಂದು ಪಟ್ಟಿ ಇಟ್ಟರು: 12 ಬೈಬಲ್, 200 ಪ್ರಶ್ನೋತ್ತರ ಪುಸ್ತಕ, 200 ಅಕ್ಷರಮಾಲೆ ಪುಸ್ತಕ, ಇನ್ನೂ ಕೆಲವು ಪ್ರಾರ್ಥನೆ ಪುಸ್ತಕಗಳು. ದುಡ್ಡು ನಾವೇ ಕೊಡುತ್ತೇವೆ ಅಂತಲೂ ಸೇರಿಸಿದರು. ಆ ಪಟ್ಟಿ ಓದಿದಾಗಲೆಲ್ಲ ನನ್ನ ಕಣ್ಣು ನಿಲ್ಲುವುದು ಅಕ್ಷರಮಾಲೆಯ ಮೇಲೆ. ಊರು ಬಿಟ್ಟು 55 ವರ್ಷ ಆಗಿದೆ. ಮಕ್ಕಳು, ಮೊಮ್ಮಕ್ಕಳು ಇಲ್ಲೇ ಹುಟ್ಟಿದ್ದಾರೆ. ಆ ಮಕ್ಕಳು ತಮ್ಮ ಭಾಷೆಯಲ್ಲಿ ಓದಬೇಕು ಅನ್ನೋ ಆಸೆ, ಸಾಗರದಾಚೆಯಿಂದ 200 ಪ್ರತಿ ತರಿಸುವಷ್ಟು ಗಟ್ಟಿಯಾಗಿತ್ತು.

ಕಾಗದ ರಾಜನವರೆಗೂ ಹೋಯಿತು. 1697ರಲ್ಲಿ ಇಬ್ಬರಲ್ಲ, ಮೂವರು ಪಾದ್ರಿಗಳು ಬಂದರು. ಪುಸ್ತಕಗಳೂ ಬಂದವು. ಕ್ಯಾಂಪೇನಿಯಸ್ ಅವರ ಲೆನಾಪೆ ಪ್ರಶ್ನೋತ್ತರ ಕೂಡ ಅದರಲ್ಲಿತ್ತು. ಅವರು ಕಟ್ಟಿಸಿದ ಎರಡು ಚರ್ಚುಗಳು ಇವತ್ತಿಗೂ ನಿಂತಿವೆ. ಒಂದು ವಿಲ್ಮಿಂಗ್ಟನ್‌ನಲ್ಲಿ, 1699ರದು. ಇನ್ನೊಂದು ಫಿಲಡೆಲ್ಫಿಯಾದ ಗ್ಲೋರಿಯಾ ಡೇ, 1700ರದು.

ಇತ್ತ ನ್ಯೂ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಅಂದರೆ ಇಂದಿನ ನ್ಯೂಯಾರ್ಕ್‌ನಲ್ಲಿ, ಬೇರೆ ತೊಂದರೆ. ಅಲ್ಲಿ ಡಚ್ಚರ ಆಳ್ವಿಕೆ. ಡಚ್ಚರದ್ದು ರಿಫಾರ್ಮ್ಡ್ ಚರ್ಚ್, ಕ್ಯಾಲ್ವಿನ್ ಎಂಬ ಇನ್ನೊಬ್ಬ ಸುಧಾರಕನ ದಾರಿಯದು. ಲೂಥರನರು ಪಾದ್ರಿಯನ್ನು ಕರೆಸಬಾರದು ಎಂದು ಗವರ್ನರ್ ಪೀಟರ್ ಸ್ಟೈವೆಸೆಂಟ್ ಪಟ್ಟು ಹಿಡಿದಿದ್ದ. ಮಗುವಿಗೆ ದೀಕ್ಷಾಸ್ನಾನ ಮಾಡಿಸಬೇಕಾದರೆ ರಿಫಾರ್ಮ್ಡ್ ಚರ್ಚಿನ ಸಿದ್ಧಾಂತದಂತೆ ಬೆಳೆಸುತ್ತೇವೆ ಎಂದು ಅಪ್ಪ ಅಮ್ಮ ಒಪ್ಪಿಕೊಳ್ಳಬೇಕಿತ್ತು. 1657ರಲ್ಲಿ ಯೋಹಾನೆಸ್ ಗುಟ್‌ವಾಸರ್ ಎಂಬ ಲೂಥರನ್ ಪಾದ್ರಿ ಬಂದಿಳಿದರು. ಸರ್ಕಾರ ವಾಪಸು ಹೋಗು ಎಂದಿತು. ಜನ ಅವರನ್ನು ಬಚ್ಚಿಟ್ಟರು. 1659ರಲ್ಲಿ ಕೊನೆಗೂ ಹಡಗು ಹತ್ತಿಸಿ ಕಳಿಸಿದರು. ಇಂಗ್ಲಿಷರು ಬಂದ ಮೇಲೆಯೇ ಅಲ್ಲಿನ ಲೂಥರನರಿಗೆ ಉಸಿರಾಡಲು ಜಾಗ ಸಿಕ್ಕಿದ್ದು.

ಈ ಎರಡು ಕತೆ ಒಂದು ಕಡೆ ಕೂಡುತ್ತವೆ. 1703ರ ನವೆಂಬರ್ 24ರಂದು ಗ್ಲೋರಿಯಾ ಡೇ ಚರ್ಚಿನಲ್ಲಿ ಸ್ವೀಡನ್ನಿನ ಪಾದ್ರಿಗಳು ಯುಸ್ಟಸ್ ಫಾಲ್ಕ್‌ನರ್ ಎಂಬ ಜರ್ಮನ್ ಯುವಕನಿಗೆ ಪಾದ್ರಿ ದೀಕ್ಷೆ ಕೊಟ್ಟರು. ಅಮೆರಿಕದಲ್ಲಿ ನಡೆದ ಮೊದಲ ಲೂಥರನ್ ದೀಕ್ಷೆ ಇದು. ಸ್ವೀಡನ್ನಿನವರು, ಜರ್ಮನ್ ಹುಡುಗನಿಗೆ, ನ್ಯೂಯಾರ್ಕಿನ ಡಚ್ ಮಾತಾಡುವ ಸಭೆಗಾಗಿ, ಇಂಗ್ಲಿಷರ ನೆಲದಲ್ಲಿ ಕೊಟ್ಟ ದೀಕ್ಷೆ. ಯುರೋಪಿನಲ್ಲಿ ಹೀಗೆ ನಾಲ್ಕು ದೇಶ ಕಲೆಯುವುದನ್ನು ಊಹಿಸುವುದೂ ಕಷ್ಟ, ಅಲ್ವಾ?

ಫಾಲ್ಕ್‌ನರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆಲ್ಬನಿಯಿಂದ ನ್ಯೂಜೆರ್ಸಿಯವರೆಗೆ ಹರಡಿದ್ದ ಮನೆಗಳಿಗೆಲ್ಲ ಅವರೊಬ್ಬರೇ ಪಾದ್ರಿ. ತಮ್ಮ ದಾಖಲೆ ಪುಸ್ತಕದಲ್ಲಿ ಮಗುವಿನ ದೀಕ್ಷಾಸ್ನಾನ ಬರೆದುಕೊಂಡು, ಪಕ್ಕದಲ್ಲಿ ಒಂದು ಪುಟ್ಟ ಪ್ರಾರ್ಥನೆಯನ್ನೂ ಬರೆಯುವುದು ಅವರ ಅಭ್ಯಾಸ. 1705ರಲ್ಲಿ ಅವರು ಆರೀ ಮತ್ತು ಯೋರಾ ಎಂಬ ಆಫ್ರಿಕನ್ ದಂಪತಿಯ ಮಗಳಿಗೆ ದೀಕ್ಷಾಸ್ನಾನ ಕೊಟ್ಟರು. ಮನುಷ್ಯರಲ್ಲಿ ಮುಖ ನೋಡಿ ಭೇದ ಮಾಡದ ದೇವರೇ, ಈ ಮಗುವಿಗೆ ನಿರ್ಮಲತೆಯ ಬಿಳಿ ಬಟ್ಟೆ ತೊಡಿಸು ಎಂಬ ಅರ್ಥದ ಪ್ರಾರ್ಥನೆ ಅಲ್ಲಿದೆ. ಕರಿಯರನ್ನು ಸಂತೆಯಲ್ಲಿ ಮಾರುತ್ತಿದ್ದ ಕಾಲ ಅದು. 1714ರ ಆಗಸ್ಟ್ 1ರಂದು ನ್ಯೂಜೆರ್ಸಿಯ ಮೊದಲ ಲೂಥರನ್ ಆರಾಧನೆ ಎಂದು ಹೇಳಲಾಗುವ ಆರಾಧನೆ ನಡೆಯಿತು. ನಡೆದದ್ದು ಇದೇ ಆರೀ ವ್ಯಾನ್ ಗಿನಿ ಅವರ ಮನೆಯಲ್ಲಿ. ವಲಸಿಗ ಲೂಥರನರು ಎಂದ ಕೂಡಲೇ ಜರ್ಮನರು, ಸ್ವೀಡನ್ನಿನವರು ಎಂದು ಎಣಿಸಿ ನಿಲ್ಲಿಸುತ್ತೇವೆ. ಆ ಮನೆಯ ಬಾಗಿಲು ತೆರೆದವರು ಆಫ್ರಿಕದ ಗಿನಿಯ ಹೆಸರು ಹೊತ್ತವರು.

ಆಮೇಲೆ ಬಂತು ಜರ್ಮನರ ದೊಡ್ಡ ಅಲೆ. ರೈನ್ ನದಿಯ ಪ್ಯಾಲಟಿನೇಟ್ ಸೀಮೆ ಯುದ್ಧದ ಮೇಲೆ ಯುದ್ಧ ಕಂಡು ಸೊರಗಿತ್ತು. 1709ರ ಚಳಿಗಾಲ ಎಷ್ಟು ಭಯಂಕರವಾಗಿತ್ತೆಂದರೆ ದ್ರಾಕ್ಷಿ ಬಳ್ಳಿಗಳು ಹೆಪ್ಪುಗಟ್ಟಿ ಸತ್ತವು. ಆ ವರ್ಷ ಸುಮಾರು 13,000 ಜನ ಲಂಡನ್ನಿಗೆ ಬಂದು ಗುಡಾರ ಹಾಕಿದರು. ಅವರಲ್ಲಿ ಸುಮಾರು 3,000 ಜನರನ್ನು 1710ರಲ್ಲಿ ಇಂಗ್ಲಿಷ್ ಸರ್ಕಾರ ನ್ಯೂಯಾರ್ಕ್‌ಗೆ ಸಾಗಿಸಿತು. ಹಡಗಿನಲ್ಲೇ ನೂರಾರು ಜನ ಸತ್ತರು. ಉಳಿದವರು ನೌಕಾಪಡೆಗೆ ಪೈನ್ ಮರದಿಂದ ಟಾರು ತೆಗೆದುಕೊಡಬೇಕಿತ್ತು. ಆ ಕೆಲಸ ಕೈಗೂಡಲಿಲ್ಲ, ಸರ್ಕಾರ ಅನ್ನ ಹಾಕುವುದನ್ನೂ ನಿಲ್ಲಿಸಿತು. ಜನ ಹಿಮದಲ್ಲಿ ನಡೆದು ಸ್ಕೋಹೇರಿ ಕಣಿವೆಗೆ, ಅಲ್ಲಿಂದ ಕೆಲವರು 1723ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೋದರು.

ಪೆನ್ಸಿಲ್ವೇನಿಯಾ ಎಲ್ಲರನ್ನೂ ಸೆಳೆಯಿತು. ವಿಲಿಯಂ ಪೆನ್ ಹಾಕಿಕೊಟ್ಟ ಆ ಸೀಮೆಯಲ್ಲಿ ಯಾವ ಪಂಥಕ್ಕೂ ಸರ್ಕಾರದ ಪಟ್ಟ ಇರಲಿಲ್ಲ. ಯಾರು ಹೇಗೆ ಬೇಕಾದರೂ ಪ್ರಾರ್ಥಿಸಬಹುದು. ಆದರೆ ಅಲ್ಲಿಗೆ ಮುಟ್ಟುವುದಕ್ಕೆ ತೆರಬೇಕಾದ ಬೆಲೆ ಕಡಿಮೆ ಇರಲಿಲ್ಲ. 1750ರಲ್ಲಿ ಗಾಟ್‌ಲೀಬ್ ಮಿಟ್ಟೆಲ್‌ಬರ್ಗರ್ ಎಂಬ ಜರ್ಮನ್ ಶಾಲಾ ಮೇಷ್ಟ್ರು ಚರ್ಚಿಗೆ ಬೇಕಾದ ಒಂದು ಆರ್ಗನ್ ವಾದ್ಯವನ್ನು ಹಡಗಿನಲ್ಲಿ ತಂದರು. ನಾಲ್ಕು ವರ್ಷ ಅಲ್ಲಿದ್ದು ಊರಿಗೆ ಮರಳಿ ತಾವು ಕಂಡದ್ದನ್ನು ಬರೆದರು. ಹಡಗಿನ ಬಾಡಿಗೆ ಕೊಡಲಾಗದವರು ದಡಕ್ಕೆ ಇಳಿಯುವಂತಿಲ್ಲ. ಸುತ್ತಲ ಊರಿನವರು ಹಡಗಿಗೇ ಬಂದು, ಆರೋಗ್ಯವಾಗಿರುವವರನ್ನು ಆರಿಸಿ, ಬಾಡಿಗೆ ತೀರಿಸಿ ಕರೆದೊಯ್ಯುತ್ತಾರೆ. ದೊಡ್ಡವರು ಮೂರರಿಂದ ಆರು ವರ್ಷ ದುಡಿದು ತೀರಿಸಬೇಕು. ಚಿಕ್ಕ ಮಕ್ಕಳು 21 ವರ್ಷ ಆಗುವ ತನಕ. ಅರ್ಧ ದಾರಿ ದಾಟಿದ ಮೇಲೆ ಗಂಡ ಸತ್ತರೆ ಹೆಂಡತಿ ಇಬ್ಬರ ಬಾಡಿಗೆಯನ್ನೂ ದುಡಿದೇ ತೀರಿಸಬೇಕು. ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಹೀಗೆ ಚದುರಿದ ಜನ ಕೂಡಿ ಕಟ್ಟಿದ್ದು ಈ ಸಭೆಗಳನ್ನು.

ದಕ್ಷಿಣದಲ್ಲಿ ಜಾರ್ಜಿಯಾಕ್ಕೆ ಬಂದವರ ಕತೆ ಬೇರೆ. ಅವರು ಓಡಿಸಲ್ಪಟ್ಟವರು. 1731ರಲ್ಲಿ ಸಾಲ್ಜ್‌ಬರ್ಗ್‌ನ ಕ್ಯಾಥೊಲಿಕ್ ಆರ್ಚ್‌ಬಿಷಪ್ ತನ್ನ ಸೀಮೆಯ ಪ್ರಾಟೆಸ್ಟಂಟರೆಲ್ಲ ಜಾಗ ಖಾಲಿ ಮಾಡಬೇಕು ಎಂದು ಆಜ್ಞೆ ಹೊರಡಿಸಿದ. ಆಸ್ತಿ ಇಲ್ಲದವರಿಗೆ ಎಂಟು ದಿನ ಗಡುವು. ಅದೂ ಚಳಿಗಾಲದಲ್ಲಿ. ಸುಮಾರು 20,000 ಜನ ಬೆಟ್ಟ ಇಳಿದು ಹೊರಟರು. ಹೆಚ್ಚಿನವರಿಗೆ ಪ್ರಷ್ಯಾದ ರಾಜ ಜಾಗ ಕೊಟ್ಟ. ಒಂದು ಸಣ್ಣ ಗುಂಪು 1734ರಲ್ಲಿ ಜಾರ್ಜಿಯಾ ಮುಟ್ಟಿತು. ಜೊತೆಗೆ ಬೋಲ್ಟ್ಸಿಯಸ್ ಮತ್ತು ಗ್ರೋನೌ ಎಂಬ ಇಬ್ಬರು ಪಾದ್ರಿಗಳು. ತಮ್ಮ ಊರಿಗೆ ಎಬೆನೆಜರ್ ಎಂದು ಹೆಸರಿಟ್ಟರು. ಬೈಬಲ್ಲಿನಲ್ಲಿ ಅದಕ್ಕೆ 'ಸಹಾಯದ ಕಲ್ಲು' ಎಂದು ಅರ್ಥ. ಜೌಗು ನೆಲ, ಜ್ವರ, ಸಾವು. 1736ರಲ್ಲಿ ಊರನ್ನೇ ಎತ್ತಿ ನದಿ ದಡಕ್ಕೆ ಸಾಗಿಸಿದರು. ಗುಲಾಮರನ್ನು ತರಬೇಡಿ ಎಂದು 1739ರಲ್ಲಿ ಆ ಊರಿನವರು ಸಹಿ ಮಾಡಿ ಅರ್ಜಿ ಕೊಟ್ಟರು. ಬಿಸಿಲಲ್ಲಿ ಬಿಳಿಯರೂ ಗೇಯಬಲ್ಲರು, ನಾವೇ ಸಾಕ್ಷಿ ಎಂದರು. ಆದರೆ ಮುಂದೆ ಜಾರ್ಜಿಯಾದಲ್ಲಿ ಗುಲಾಮಗಿರಿಗೆ ಕಾನೂನಿನ ಒಪ್ಪಿಗೆ ಸಿಕ್ಕಾಗ ಎಬೆನೆಜರ್ ಕೂಡ ಅದಕ್ಕೆ ತಲೆಬಾಗಿತು. ಅದು ನೋವಿನ ಸಂಗತಿ. ಅರ್ಜಿಯನ್ನು ನೆನೆಯುವವರು ಇದನ್ನೂ ಹೇಳಬೇಕು.

ಈಗ ಮ್ಯೂಲೆನ್‌ಬರ್ಗ್ ಅವರ ಕಡೆಗೆ ಮರಳೋಣ. ಫಿಲಡೆಲ್ಫಿಯಾ, ಪ್ರಾವಿಡೆನ್ಸ್, ನ್ಯೂ ಹ್ಯಾನೋವರ್ ಎಂಬ ಮೂರು ಊರಿನ ಸಭೆಗಳು 1733ರಲ್ಲೇ ಯುರೋಪಿಗೆ ಜನ ಕಳಿಸಿ ಪಾದ್ರಿ ಬೇಕು ಎಂದು ಕೇಳಿದ್ದವು. ಜರ್ಮನಿಯ ಹಾಲೆ ಪಟ್ಟಣದ ಸಂಸ್ಥೆ ಕಳಿಸಲು ತಯಾರಿತ್ತು. ಆದರೆ ಸಂಬಳ ಎಷ್ಟು, ಯಾರು ಕೊಡುತ್ತೀರಿ ಎಂಬುದನ್ನು ಮೊದಲು ಬರೆದು ಕೊಡಿ ಎಂದು ಕೇಳಿತು. ಮೊದಲು ಪಾದ್ರಿ ಬರಲಿ, ಹೇಗಿದ್ದಾರೆ ನೋಡುತ್ತೇವೆ ಎಂದರು ಇವರು. ಈ ಚೌಕಾಸಿಯಲ್ಲೇ ಎಂಟು ವರ್ಷ ಕಳೆಯಿತು. ಓದಿದರೆ ಎರಡೂ ಕಡೆಯವರ ಮೇಲೆ ಸಿಟ್ಟು ಬರುತ್ತದೆ. ಆದರೆ ಯೋಚಿಸಿ. ಪಾದ್ರಿಗೆ ಸಂಬಳ ಕೊಡುವುದು ತಮ್ಮ ಕೆಲಸ ಎಂಬುದೇ ಈ ರೈತರಿಗೆ ಹೊಸದು. ಸಂಬಳ ಕೊಡುವವರು ನಾವಾದರೆ ಆರಿಸುವವರೂ ನಾವೇ ಎಂಬ ಮಾತು ಅಲ್ಲೇ ಹುಟ್ಟಿದ್ದು.

ಹಾಲೆಯ ಹೆಸರು ನಮ್ಮ ಕಡೆಗೂ ಗೊತ್ತಿರಬೇಕಾದದ್ದು. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದು ತಮಿಳಿನಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿದ ಜೀಗೆನ್‌ಬಾಲ್ಗ್ ಅದೇ ಹಾಲೆಯಲ್ಲಿ ಓದಿದವರು. ಮ್ಯೂಲೆನ್‌ಬರ್ಗ್ ಅವರನ್ನೂ ಮೊದಲು ಭಾರತಕ್ಕೆ ಕಳಿಸುವ ಯೋಚನೆ ಇತ್ತು. ಅದು ನಡೆಯಲಿಲ್ಲ. 1741ರಲ್ಲಿ ಜಿನ್ಸೆಂಡಾರ್ಫ್ ಪೆನ್ಸಿಲ್ವೇನಿಯಾಕ್ಕೆ ಹೊರಟ ಸುದ್ದಿ ಬಂದಾಗ ಹಾಲೆಯವರು ಸಂಬಳದ ಮಾತು ಬಿಟ್ಟು ಇವರನ್ನು ಅಮೆರಿಕದ ಹಡಗು ಹತ್ತಿಸಿದರು.

ಬಂದು ನೋಡಿದರೆ ಆಗಲೇ ಹೇಳಿದ ಪರಿಸ್ಥಿತಿ. ಮ್ಯೂಲೆನ್‌ಬರ್ಗ್ ಅವರ ಬೆನ್ನ ಹಿಂದೆ ರಾಜ ಇರಲಿಲ್ಲ, ಪೊಲೀಸ್ ಇರಲಿಲ್ಲ. ತಮ್ಮ ಕಾಗದಗಳನ್ನು ಸ್ವೀಡನ್ನಿನ ಪಾದ್ರಿಗೆ ತೋರಿಸಿ ಸರಿ ಎನ್ನಿಸಿಕೊಂಡರು. ಸಭೆಯ ಮುಖ್ಯಸ್ಥರ ಮುಂದೆ ಓದಿಸಿದರು. ಮೂರೂ ಸಭೆಗಳು ನಮ್ಮ ಪಾದ್ರಿ ಇವರೇ ಎಂದು ಸಹಿ ಹಾಕಿದವು. 1743ರ ಜನವರಿಯಲ್ಲಿ ಜಿನ್ಸೆಂಡಾರ್ಫ್ ಯುರೋಪಿಗೆ ಹಿಂತಿರುಗಿದರು. ಹಾಲೆ ಕಳಿಸಿದ ಪತ್ರಕ್ಕೆ ಜೀವ ಬಂದದ್ದು ಜನರ ಸಹಿಯಿಂದ.

ಮುಂದಿನ 45 ವರ್ಷ ಅವರು ಕುದುರೆ ಮೇಲೆ ಓಡಾಡಿದ್ದೇ ಓಡಾಡಿದ್ದು. 1751ರಲ್ಲಿ ನ್ಯೂಯಾರ್ಕ್‌ನಲ್ಲಿದ್ದಾಗ ಡಚ್, ಜರ್ಮನ್, ಇಂಗ್ಲಿಷ್ ಮೂರರಲ್ಲೂ ಪ್ರಸಂಗ ಮಾಡುತ್ತಿದ್ದರು. 1748ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಆರು ಪಾದ್ರಿಗಳು ಮತ್ತು ಹತ್ತು ಸಭೆಗಳ 24 ಪ್ರತಿನಿಧಿಗಳು ಒಟ್ಟು ಸೇರಿದರು. ಎಲ್ಲ ಸಭೆಗಳಿಗೂ ಒಂದೇ ಆರಾಧನಾ ಕ್ರಮ ಒಪ್ಪಿದರು, ಒಬ್ಬ ಹೊಸ ಪಾದ್ರಿಗೆ ದೀಕ್ಷೆ ಕೊಟ್ಟರು. ಅಮೆರಿಕದಲ್ಲಿ ನಿಂತು ಬಾಳಿದ ಮೊದಲ ಲೂಥರನ್ ಸಿನಡ್ ಇದು. ಸಿನಡ್ ಅಂದರೆ ಸಭೆಗಳ ಒಕ್ಕೂಟ. 1762ರಲ್ಲಿ ಫಿಲಡೆಲ್ಫಿಯಾದ ಸಭೆ ತನಗೆ ತಾನೇ ಸಂವಿಧಾನ ಬರೆದುಕೊಂಡಿತು. ಆಡಳಿತ ಮಂಡಳಿಯನ್ನು ಸದಸ್ಯರೇ ಆರಿಸಬೇಕು ಎಂದಿತು. ಅಮೆರಿಕ ದೇಶಕ್ಕೆ ಇನ್ನೂ ಸಂವಿಧಾನ ಇರಲಿಲ್ಲ! 1792ರ ಹೊತ್ತಿಗೆ ಸಿನಡ್ಡಿನಲ್ಲಿ ಪಾದ್ರಿಯಲ್ಲದವರಿಗೂ ಮತ ಸಿಕ್ಕಿತು.

ಹೆನ್ರಿ ಮ್ಯೂಲೆನ್‌ಬರ್ಗ್ ಅವರ ಮಕ್ಕಳಲ್ಲಿ ಪೀಟರ್ ಪಾದ್ರಿಯಾಗಿದ್ದು ಆಮೇಲೆ ಸ್ವಾತಂತ್ರ್ಯ ಯುದ್ಧದಲ್ಲಿ ಜನರಲ್ ಆದರು. ಫ್ರೆಡರಿಕ್ 1789ರಲ್ಲಿ ಅಮೆರಿಕದ ಕೆಳಮನೆಯ ಮೊದಲ ಸ್ಪೀಕರ್ ಆದರು. ಜರ್ಮನ್ ಭಾಷೆ ಒಂದೇ ಒಂದು ಮತದಿಂದ ಅಮೆರಿಕದ ರಾಷ್ಟ್ರಭಾಷೆ ಆಗುವುದು ತಪ್ಪಿತು, ಅದಕ್ಕೆ ಈ ಫ್ರೆಡರಿಕ್ ಕಾರಣ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅದು ನಿಜವಲ್ಲ. ಕಾನೂನುಗಳನ್ನು ಜರ್ಮನ್‌ನಲ್ಲೂ ಅಚ್ಚು ಹಾಕಿಸಿ ಎಂದು ವರ್ಜೀನಿಯಾದ ಜರ್ಮನರು 1794ರಲ್ಲಿ ಅರ್ಜಿ ಕೊಟ್ಟಿದ್ದರು. ಆ ಚರ್ಚೆಯ ನಡುವೆ, ಕಲಾಪ ಮುಂದೂಡಬೇಕೋ ಬೇಡವೋ ಎಂಬುದರ ಮೇಲೆ 41ಕ್ಕೆ 42ರ ಮತ ಬಿತ್ತು. ಅಷ್ಟೇ ಆಗಿದ್ದು.

ನಿಜವಾದ ಭಾಷೆಯ ಜಗಳ ನಡೆದದ್ದು ಚರ್ಚಿನೊಳಗೆ. ಮೊದಲ ತಲೆಮಾರಿಗೆ ದೇವರು ಜರ್ಮನ್‌ನಲ್ಲಿ ಮಾತಾಡುತ್ತಿದ್ದ. ಮೊಮ್ಮಕ್ಕಳಿಗೆ ಜರ್ಮನ್ ಪ್ರಸಂಗ ಅರ್ಥವಾಗುತ್ತಿರಲಿಲ್ಲ. ಇಂಗ್ಲಿಷನ್ನು ಚರ್ಚಿನೊಳಗೆ ಬಿಟ್ಟುಕೊಳ್ಳದಿದ್ದರೆ ಮಕ್ಕಳು ಬೇರೆ ಚರ್ಚಿಗೆ ಹೋಗುತ್ತಾರೆ ಎಂದು ಒಂದು ಪಕ್ಷ. ಭಾಷೆ ಹೋದರೆ ವಿಶ್ವಾಸವೂ ಹೋಗುತ್ತದೆ ಎಂದು ಇನ್ನೊಂದು ಪಕ್ಷ. ಫಿಲಡೆಲ್ಫಿಯಾದಲ್ಲಿ ಇಂಗ್ಲಿಷ್ ಪಕ್ಷಕ್ಕೆ ಮುಂದಾಳು ಬೇರೆ ಯಾರೂ ಅಲ್ಲ, ಜನರಲ್ ಪೀಟರ್ ಮ್ಯೂಲೆನ್‌ಬರ್ಗ್. 1806ರಲ್ಲಿ ಸಭೆ ಒಡೆದು ಇಂಗ್ಲಿಷ್‌ನವರು ಬೇರೆ ಚರ್ಚ್ ಕಟ್ಟಿಕೊಂಡರು. ಅಲ್ಲಿಗೂ ಮುಗಿಯಲಿಲ್ಲ. ಇಂಗ್ಲಿಷನ್ನು ತಡೆಯಲು ಪಿತೂರಿ ಮಾಡಿದರು ಎಂದು ಜರ್ಮನ್ ಪಕ್ಷದವರ ಮೇಲೆ 1816ರಲ್ಲಿ ಕೋರ್ಟಿನಲ್ಲಿ ಮೊಕದ್ದಮೆ ನಡೆಯಿತು. ಎರಡೂ ಪಕ್ಷದ ಭಯ ನಿಜವಾದದ್ದೇ. ಅದಕ್ಕೇ ಜಗಳ ಅಷ್ಟು ಕಹಿಯಾಯಿತು ಎಂದು ನನ್ನ ಎಣಿಕೆ.

ಹೀಗೆ ಹಳಬರು ಇಂಗ್ಲಿಷಿನ ಕಡೆ ಸಾಗುತ್ತಿದ್ದಾಗ ಜರ್ಮನಿಯಿಂದ ಎರಡನೇ ಅಲೆ ಎದ್ದಿತು. ಕಾರಣ, ಪ್ರಷ್ಯಾದ ರಾಜ ಮೂರನೇ ಫ್ರೆಡರಿಕ್ ವಿಲಿಯಂ. ಆತ ರಿಫಾರ್ಮ್ಡ್ ಪಂಥದವನು. ರಾಣಿ ಲೂಯಿಸಾ ಲೂಥರನ್. ಗಂಡ ಹೆಂಡತಿ ಒಟ್ಟಿಗೆ ಪ್ರಭುಭೋಜನ ತೆಗೆದುಕೊಳ್ಳುವಂತಿರಲಿಲ್ಲ. ಲೂಥರನರ ಪ್ರಕಾರ ಆ ರೊಟ್ಟಿಯಲ್ಲಿ, ದ್ರಾಕ್ಷಾರಸದಲ್ಲಿ ಕ್ರಿಸ್ತನ ದೇಹ, ರಕ್ತ ನಿಜವಾಗಿಯೂ ಇದೆ. ರಿಫಾರ್ಮ್ಡ್‌ನವರ ಪ್ರಕಾರ ಅಲ್ಲಿರುವುದು ಆತ್ಮಿಕವಾದ ಸೇರುವಿಕೆ. ಹೊರಗಿನವರಿಗೆ ಸಣ್ಣ ವ್ಯತ್ಯಾಸ ಅನ್ನಿಸಬಹುದು. ಅವರಿಗೆ ಅದು ಜೀವ ಹೋದರೂ ಬಿಡಲಾಗದ ವಿಷಯ. 1817ರಲ್ಲಿ ರಾಜ ಎರಡು ಚರ್ಚುಗಳನ್ನೂ ಒಂದು ಮಾಡಿದ. ಒಪ್ಪದ ಪಾದ್ರಿಗಳು ಜೈಲಿಗೆ ಹೋದರು. 1834ರ ಕ್ರಿಸ್ಮಸ್ ಹಿಂದಿನ ದಿನ ಹ್ಯೋನಿಗರ್ನ್ ಎಂಬ ಹಳ್ಳಿಯಲ್ಲಿ ಸೈನಿಕರು ಬಂದು ಚರ್ಚಿನ ಬಾಗಿಲು ಒಡೆದರು. 1839ರಲ್ಲಿ ಗ್ರಾಬೌ ಎಂಬ ಪಾದ್ರಿಯ ಜೊತೆ ಸುಮಾರು ಸಾವಿರ ಜನ ಹೊರಟು ಅಮೆರಿಕದ ಬಫೆಲೋ ಸೇರಿದರು.

ಇದೇ ಕಾಲದಲ್ಲಿ ಸ್ಯಾಕ್ಸನಿಯಿಂದ ಹೊರಟವರ ಕತೆ ಇಡೀ ಇತಿಹಾಸದಲ್ಲೇ ನನ್ನನ್ನು ತುಂಬ ಕಾಡಿದ್ದು. ಡ್ರೆಸ್ಡೆನ್‌ನಲ್ಲಿ ಮಾರ್ಟಿನ್ ಸ್ಟೀಫನ್ ಎಂಬ ಪಾದ್ರಿ ಇದ್ದರು. ಮಾತಿನಲ್ಲಿ ಮೋಡಿ. ಇಲ್ಲಿ ನಿಜವಾದ ವಿಶ್ವಾಸ ಉಳಿದಿಲ್ಲ, ಬನ್ನಿ ಹೋಗೋಣ ಎಂದರು. 1838ರ ಕೊನೆಯಲ್ಲಿ ಸುಮಾರು 700 ಜನ ತಮ್ಮ ಆಸ್ತಿ ಮಾರಿ, ಹಣವನ್ನೆಲ್ಲ ಒಂದೇ ಖಜಾನೆಗೆ ಹಾಕಿ, ಐದು ಹಡಗು ಹತ್ತಿದರು. ಅಮಾಲಿಯಾ ಎಂಬ ಹಡಗು ಮತ್ತೆ ಕಾಣಲೇ ಇಲ್ಲ. ದಾರಿಯಲ್ಲೇ ಸ್ಟೀಫನ್ ತಮ್ಮನ್ನು ಬಿಷಪ್ ಮಾಡಿಸಿಕೊಂಡರು. ಮಿಸೌರಿಯ ಪೆರ್ರಿ ಕೌಂಟಿಯಲ್ಲಿ ಕಾಡು ನೆಲ ಕೊಂಡರು. ಕೆಲವೇ ತಿಂಗಳಲ್ಲಿ ಎಲ್ಲ ಕುಸಿಯಿತು. ಸ್ಟೀಫನ್ ಹೆಂಗಸರ ಜೊತೆ ಕೆಟ್ಟದಾಗಿ ನಡೆದುಕೊಂಡಿದ್ದು ಹೊರಬಂತು, ಹಣದ ದುರ್ಬಳಕೆಯ ಆರೋಪ ಬಂತು. 1839ರ ಮೇ ತಿಂಗಳಲ್ಲಿ ಅವರನ್ನು ದೋಣಿಯಲ್ಲಿ ಕೂರಿಸಿ ಮಿಸಿಸಿಪಿ ದಾಟಿಸಿ ಆಚೆ ದಡದಲ್ಲಿ ಬಿಟ್ಟುಬಂದರು.

ಉಳಿದ ಜನರ ಸ್ಥಿತಿ ಯೋಚಿಸಿ. ಊರಿಲ್ಲ, ದುಡ್ಡಿಲ್ಲ, ಜ್ವರದಿಂದ ಜನ ಸಾಯುತ್ತಿದ್ದಾರೆ. ಅದಕ್ಕಿಂತ ದೊಡ್ಡದಾಗಿ ಒಂದು ಪ್ರಶ್ನೆ ಅವರನ್ನು ಕೊರೆಯತೊಡಗಿತು. ನಾವು ನಂಬಿದವನೇ ಸುಳ್ಳಾದರೆ ನಾವು ಇನ್ನೂ ಚರ್ಚ್ ಹೌದೋ ಅಲ್ಲವೋ? ನಮ್ಮ ಪಾದ್ರಿಗಳು ಪಾದ್ರಿಗಳು ಹೌದೋ ಅಲ್ಲವೋ? ನಮ್ಮ ಮಕ್ಕಳ ದೀಕ್ಷಾಸ್ನಾನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಕೆಲವು ಪಾದ್ರಿಗಳೇ ಅಳುಕಿ ಕೆಲಸ ಬಿಟ್ಟರು. ಜರ್ಮನಿಗೆ ವಾಪಸು ಹೋಗುವುದೇ ಸರಿ ಎಂದವರೂ ಇದ್ದರು.

1841ರ ಏಪ್ರಿಲ್‌ನಲ್ಲಿ ಆಲ್ಟೆನ್‌ಬರ್ಗ್ ಎಂಬ ಹಳ್ಳಿಯಲ್ಲಿ ಎಲ್ಲರೂ ಸೇರಿ ಚರ್ಚೆಗೆ ಕೂತರು. ಒಂದು ಕಡೆ, ನಾವು ಚರ್ಚ್ ಅಲ್ಲ ಎನ್ನುವ ಮಾರ್ಬಾಕ್ ಎಂಬ ವಕೀಲ. ಇನ್ನೊಂದು ಕಡೆ ಸಿ. ಎಫ್. ಡಬ್ಲ್ಯು. ವಾಲ್ಟರ್ ಎಂಬ 29 ವರ್ಷದ ಪಾದ್ರಿ. ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದ್ದಾಗ ಲೂಥರನ ಬರಹಗಳನ್ನು ಮತ್ತೆ ಓದಿಕೊಂಡು ಬಂದಿದ್ದರು. ಅವರ ವಾದ ಸರಳ. ಚರ್ಚನ್ನು ಚರ್ಚ್ ಮಾಡುವುದು ಬಿಷಪ್ ಅಲ್ಲ. ದೇವರ ವಾಕ್ಯ ಇದ್ದಲ್ಲಿ, ದೀಕ್ಷಾಸ್ನಾನ, ಪ್ರಭುಭೋಜನ ಇದ್ದಲ್ಲಿ, ನಂಬುವ ಜನ ಇದ್ದಲ್ಲಿ ಚರ್ಚ್ ಇದೆ. ನಾವು ತಪ್ಪು ಮಾಡಿದ್ದೇವೆ, ಆದರೂ ಚರ್ಚ್ ಆಗಿಯೇ ಇದ್ದೇವೆ. ಪಾದ್ರಿಯನ್ನು ಕರೆಯುವ ಹಕ್ಕು ಸಭೆಗಿದೆ. ಜನ ಇದನ್ನು ಕೇಳಿ ತಲೆ ಎತ್ತಿದರು. ಮ್ಯೂಲೆನ್‌ಬರ್ಗ್ ಕಾಲದ ರೈತರು ಅನಿವಾರ್ಯಕ್ಕೆ ಮಾಡಿದ್ದನ್ನು ವಾಲ್ಟರ್ ಸಿದ್ಧಾಂತವಾಗಿ ಹೇಳಿದರು. 1847ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಮಿಸೌರಿ ಸಿನಡ್ ಇದರ ಮೇಲೆಯೇ ನಿಂತಿತು. ಸಿನಡ್ ಸಲಹೆ ಕೊಡಬಹುದು, ಸಭೆಯ ಮೇಲೆ ಅಧಿಕಾರ ನಡೆಸುವಂತಿಲ್ಲ ಎಂದು ಬರೆದುಕೊಂಡರು.

ನಮಗೆ ಹತ್ತಿರದ ಒಂದು ಎಳೆ ಇದೇ ಕಾಲದ್ದು. ಸ್ವಿಟ್ಜರ್‌ಲೆಂಡ್‌ನ ಬಾಸೆಲ್ ಮಿಷನ್ 1833ರಲ್ಲಿ ಫ್ರೆಡರಿಕ್ ಶ್ಮಿಡ್ ಎಂಬ ಪಾದ್ರಿಯನ್ನು ಮಿಷಿಗನ್‌ನ ಜರ್ಮನ್ ರೈತರ ಹತ್ತಿರ ಕಳಿಸಿತು. ಮರುವರ್ಷ, 1834ರಲ್ಲಿ, ಅದೇ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ', ಕಿಟ್ಟೆಲ್ ನಿಘಂಟು ಎಲ್ಲ ಆ ಕೊಂಬೆಯ ಹಣ್ಣು. ಬಾಸೆಲ್‌ನಲ್ಲಿ ಲೂಥರನರೂ ರಿಫಾರ್ಮ್ಡ್‌ನವರೂ ಒಂದೇ ಬೆಂಚಿನಲ್ಲಿ ಕೂತು ಓದುತ್ತಿದ್ದರು. ಪ್ರಷ್ಯಾದಲ್ಲಿ ಸೈನಿಕರಿಂದ ಆಗದ ಕೆಲಸ ಅಲ್ಲಿ ಸುಮ್ನೆ ನಡೆಯುತ್ತಿತ್ತು.

ಕೊನೆಗೆ ಉತ್ತರದ ಜನ. 1825ರ ಜುಲೈನಲ್ಲಿ ನಾರ್ವೆಯ ಸ್ಟಾವಂಗರ್‌ನಿಂದ ರೆಸ್ಟೊರೇಷನ್ ಎಂಬ ಪುಟ್ಟ ಹಡಗು 52 ಜನರನ್ನು ಹೊತ್ತು ಹೊರಟಿತು. ಅಕ್ಟೋಬರ್ 9ರಂದು ನ್ಯೂಯಾರ್ಕ್ ಮುಟ್ಟುವಾಗ 53 ಜನ ಇದ್ದರು. ದಾರಿಯಲ್ಲಿ ಒಂದು ಹೆಣ್ಣುಮಗು ಹುಟ್ಟಿತ್ತು. ನಾರ್ವೆಯಲ್ಲಿ ಪಾದ್ರಿಯಲ್ಲದವರು ಪ್ರಸಂಗ ಮಾಡುವುದಕ್ಕೆ 1842ರವರೆಗೂ ಕಾನೂನಿನ ಅಡ್ಡಿ ಇತ್ತು. ಹಾಗೆ ಪ್ರಸಂಗ ಮಾಡುತ್ತಿದ್ದ ಎಲ್ಲಿಂಗ್ ಐಲ್ಸನ್ 1839ರಲ್ಲಿ ಅಮೆರಿಕಕ್ಕೆ ಬಂದರು. ಇಲ್ಲಿನ ನಾರ್ವೆ ಮಕ್ಕಳ ಕೈಯಲ್ಲಿ ಪುಸ್ತಕ ಇಲ್ಲ ಎಂದು ನೋಡಿ ನ್ಯೂಯಾರ್ಕ್‌ವರೆಗೆ ನಡೆದೇ ಹೋದರು. ಅಚ್ಚು ಹಾಕಿಸಿ ತಂದದ್ದು ಲೂಥರನ ಆ ಚಿಕ್ಕ ಪ್ರಶ್ನೋತ್ತರವನ್ನು, ಇಂಗ್ಲಿಷ್‌ನಲ್ಲಿ.

ಸ್ವೀಡನ್ನಿನಿಂದ ಎರಡನೇ ಬಾರಿ ಜನ ಬಂದಾಗ ಜೊತೆಗೆ ಬಂದವರು ಪಾದ್ರಿ ಲಾರ್ಸ್ ಪಾಲ್ ಎಸ್‌ಬ್ಯೋರ್ನ್. 1849ರಲ್ಲಿ ಇಲಿನಾಯ್‌ನ ಆಂಡೋವರ್ ಎಂಬ ಹುಲ್ಲುಗಾವಲ ಊರಿಗೆ ಬಂದರು. ರಾಜ ಕೊಡುವ ಸಂಬಳ ಇಲ್ಲ, ಚರ್ಚ್ ಇಲ್ಲ. ಊರೂರು ತಿರುಗಿ ಚಂದಾ ಎತ್ತಿದರು. ಆಗ ಅಮೆರಿಕದಲ್ಲಿ ಹಾಡುತ್ತಿದ್ದ ಸ್ವೀಡನ್ನಿನ ಹೆಸರಾಂತ ಗಾಯಕಿ ಜೆನ್ನಿ ಲಿಂಡ್ 1,500 ಡಾಲರ್ ಕೊಟ್ಟರು. ಇಟ್ಟಿಗೆ ಗೋಡೆ ಎದ್ದಿತು. ಗೋಪುರಕ್ಕೆಂದು ಮರದ ಹಲಗೆಗಳನ್ನೂ ತಂದಿಟ್ಟರು. ಅಷ್ಟರಲ್ಲಿ ಹೊಸದಾಗಿ ಬಂದ ವಲಸಿಗರ ನಡುವೆ ಕಾಲರಾ ಬಂತು. ಚರ್ಚಿನ ನೆಲಮಾಳಿಗೆಯಲ್ಲಿ ರೋಗಿಗಳನ್ನು ಮಲಗಿಸಿದರು. ಸತ್ತವರಿಗೆ ಪೆಟ್ಟಿಗೆ ಬೇಕಿತ್ತು. ಗೋಪುರದ ಹಲಗೆಗಳನ್ನು ಕೊಯ್ದು ಶವಪೆಟ್ಟಿಗೆ ಮಾಡಿದರು. ಆ ಚರ್ಚ್ ಇವತ್ತಿಗೂ ಆಂಡೋವರ್‌ನಲ್ಲಿದೆ. ಅದಕ್ಕೆ ಗೋಪುರ ಇಲ್ಲ.